ಗುಂಪಿನ ಕೊನೆಯ ಗಾಡಿಯಿಂದ: ಸವಾರರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಬೈಕ್ ಕ್ಲಬ್‌ಗಳ ಬಗ್ಗೆ. ನನಗೆ ತುಂಬಾ ಖುಷಿಯಾಯಿತು. ನಮ್ಮ ಕ್ಲಬ್ಬಿನ ರೈಡ್‌ಗಳಲ್ಲಿ ನಾನು ಸ್ವೀಪ್, ಅಂದರೆ ಎಲ್ಲರಿಗಿಂತ ಹಿಂದೆ ಬರುವ ಗಾಡಿ ನನ್ನದು. ಕೇಳಿ ಪಡೆದ ಜಾಗ ಅದು. ಯಾರು ಸುಸ್ತಾಗಿದ್ದಾರೆ, ಯಾರ ಬ್ರೇಕ್ ಲೈಟ್ ಉರಿಯುತ್ತಿಲ್ಲ, ಯಾರು ತಿರುವಿನಲ್ಲಿ ಹೆದರುತ್ತಿದ್ದಾರೆ, ಎಲ್ಲವೂ ಹಿಂದಿನಿಂದ ಕಾಣುತ್ತದೆ. ಈ ಉತ್ತರಗಳನ್ನೂ ಅಲ್ಲಿ ಕೂತು ಕಂಡದ್ದರಿಂದಲೇ ಬರೆದಿದ್ದೇನೆ.

ಪ್ರಶ್ನೆ: ಮಗ ಕೆಲಸಕ್ಕೆ ಸೇರಿ ಹೊಸ ಬೈಕ್ ತಗೊಂಡಿದ್ದಾನೆ. ಈಗ ಕ್ಲಬ್ ಸೇರುತ್ತೇನೆ ಅಂತಾನೆ. ನಮ್ಮ ಮನೆಯವರು ‘ಹೋಗಲಿ ಬಿಡು’ ಅಂತಾರೆ. ನನಗೆ ಧೈರ್ಯ ಸಾಲದು. ಕ್ಲಬ್ ಒಳ್ಳೆಯದೋ ಕೆಟ್ಟದ್ದೋ ನಮ್ಮಂಥವರಿಗೆ ಹೇಗೆ ಗೊತ್ತಾಗಬೇಕು?

ಉತ್ತರ: ತಾಯಿಗೆ ಭಯ ಇದ್ದದ್ದೇ ಅಮ್ಮ, ಅದನ್ನು ಬಿಡಿ ಅಂತ ನಾನು ಹೇಳಲ್ಲ. ಅವರು ರೈಡ್‌ಗೆ ಹೊರಡುವ ಜಾಗಕ್ಕೆ ಒಂದು ಬೆಳಿಗ್ಗೆ ನೀವೇ ಹೋಗಿ ನೋಡಿ. ಹೊರಡುವ ಮುಂಚೆ ಯಾರಾದರೂ ಎಲ್ಲರನ್ನೂ ಸುತ್ತ ನಿಲ್ಲಿಸಿಕೊಂಡು ದಾರಿ, ನಿಲ್ಲುವ ಜಾಗ, ಕೈಸನ್ನೆಗಳನ್ನು ಹೇಳುತ್ತಾರಾ? ಇವತ್ತು ಹೊಸಬರು ಯಾರು ಅಂತ ಕೇಳುತ್ತಾರಾ? ಹೆಲ್ಮೆಟ್ ಪಟ್ಟಿ ಹಾಕದವರನ್ನು ಮುಲಾಜಿಲ್ಲದೆ ತಡೆಯುತ್ತಾರಾ? ಕ್ಲಬ್ಬಿನವರು ಹಂಚಿಕೊಳ್ಳುವ ವಿಡಿಯೋಗಳನ್ನೂ ನೋಡಿ. ಸ್ಪೀಡೋಮೀಟರ್ ಮುಳ್ಳನ್ನು ತೋರಿಸಿ ಹೆಮ್ಮೆಪಡುವವರಾದರೆ ಆ ಸಹವಾಸ ಬೇಡ.

ಮಗನಿಗೆ ಒಂದು ಪ್ರಶ್ನೆ ಕೇಳಿ: ‘ದಾರಿಯಲ್ಲಿ ನಿನ್ನ ಗಾಡಿ ಕೆಟ್ಟರೆ ನಿನ್ನ ಜೊತೆ ನಿಲ್ಲುವವರು ಯಾರು?’ ಅವನು ಇಂಥವರು ಅಂತ ಹೇಳಿದರೆ ಕಳಿಸಿ. ‘ಯಾರಾದ್ರೂ ನಿಲ್ತಾರಮ್ಮ’ ಅಂದರೆ ಆ ಕ್ಲಬ್ಬಿನಲ್ಲಿ ಸ್ವೀಪ್ ಇಲ್ಲ ಅಂತ ತಿಳಿಯಿರಿ.

ಪ್ರಶ್ನೆ: ನನ್ನದು ಸಣ್ಣ ಗಾಡಿ. ಕ್ಲಬ್ಬಿನ ರೈಡ್‌ನಲ್ಲಿ ಪ್ರತಿ ಸಲ ಹಿಂದೆ ಬೀಳುತ್ತೇನೆ. ಅವರನ್ನು ಹಿಡಿಯೋಕೆ ಜೋರಾಗಿ ಓಡಿಸಬೇಕಾಗುತ್ತದೆ. ಮನೆಗೆ ಬರುವಷ್ಟರಲ್ಲಿ ಭುಜ, ಕತ್ತು ಎಲ್ಲ ಹಿಡಿದುಕೊಂಡಿರುತ್ತದೆ. ಹೇಳಿಕೊಳ್ಳೋಕೆ ನಾಚಿಕೆ.

ಉತ್ತರ: ನಾಚಿಕೆ ಯಾಕೆ? ಇದರಲ್ಲಿ ನಿಮ್ಮ ತಪ್ಪೂ ಇಲ್ಲ, ಗಾಡಿಯ ತಪ್ಪೂ ಇಲ್ಲ. ಸಾಲಾಗಿ ಹೋಗುವಾಗ ಹೀಗೇ ಆಗುವುದು. ಮುಂದಿನವರು ಸಿಗ್ನಲ್ ದಾಟಿ 60ಕ್ಕೆ ಏರಿಸುವ ಹೊತ್ತಿಗೆ ಹತ್ತನೆಯವರು ಇನ್ನೂ ಕ್ಲಚ್ ಬಿಡುತ್ತಿರುತ್ತಾರೆ. ಅಷ್ಟರಲ್ಲಿ ನಡುವಿನ ದೂರ ಬೆಳೆದಿರುತ್ತದೆ. ಅದನ್ನು ಮುಚ್ಚೋಕೆ ಕೊನೆಯವರು 80ರಲ್ಲಿ ಹೋಗಬೇಕು. ಪ್ರತಿ ಸಿಗ್ನಲ್, ಪ್ರತಿ ಹಂಪ್, ನಿಧಾನಕ್ಕೆ ಹೋಗುವ ಪ್ರತಿ ಲಾರಿಯ ಹತ್ತಿರವೂ ಇದೇ ಕಥೆ. ಮುಂದಿರುವವರು ಆರಾಮಾಗಿ 60ರಲ್ಲೇ ಇರುತ್ತಾರೆ. ಹಿಂದೆ ಏನಾಗುತ್ತಿದೆ ಅಂತ ಅವರಿಗೆ ಗೊತ್ತೇ ಇರಲ್ಲ.

60ಕ್ಕೂ 80ಕ್ಕೂ ಏನು ಮಹಾ ವ್ಯತ್ಯಾಸ ಅಂತ ಕೇಳುವವರಿದ್ದಾರೆ. ಒಂದು ಲೆಕ್ಕ ನೋಡಿ. ರಸ್ತೆ ಒಣಗಿದೆ, ಬ್ರೇಕ್ ಚೆನ್ನಾಗಿದೆ, ಅಡ್ಡ ಬಂದದ್ದನ್ನು ಕಂಡು ಬ್ರೇಕ್ ಹಿಡಿಯೋಕೆ ಒಂದು ಸೆಕೆಂಡ್ ಬೇಕು ಅಂತ ಇಟ್ಟುಕೊಳ್ಳಿ. 60ರಲ್ಲಿ ಹೋಗುವವರು ಆ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗಿರುತ್ತಾರೆ. ಬ್ರೇಕ್ ಹಿಡಿದ ಮೇಲೆ ಇನ್ನೊಂದು 20 ಮೀಟರ್. ಒಟ್ಟು 37 ಮೀಟರಿನಲ್ಲಿ ಗಾಡಿ ನಿಂತಿತು. 80ರಲ್ಲಿ ಹೋಗುವವರು ಅದೇ 37ನೇ ಮೀಟರಿನಲ್ಲಿ ಇನ್ನೂ ಗಂಟೆಗೆ 60 ಕಿಲೋಮೀಟರ್ ವೇಗದಲ್ಲೇ ಇರುತ್ತಾರೆ! ಒಬ್ಬರು ನಿಂತ ಜಾಗದಲ್ಲಿ ಇನ್ನೊಬ್ಬರು 60ರಲ್ಲಿ ಹೋಗಿ ಗುದ್ದುತ್ತಾರೆ. ಹಿಂದೆ ಉಳಿದವರನ್ನು ಓಡಿಸುವುದು ಅಂದರೆ ಅವರನ್ನು ಈ ಅಪಾಯಕ್ಕೆ ತಳ್ಳಿದ ಹಾಗೆ. ಈ ವಿಷಯದಲ್ಲಿ ನನಗೆ ನಿಜವಾಗಿ ಸಿಟ್ಟು ಬರುತ್ತದೆ.

ಸರಿ ಮಾಡುವುದು ಕಷ್ಟವಲ್ಲ. ಮುಂದಿನ ರೈಡ್‌ನಲ್ಲಿ ಲೀಡ್ ಗಾಡಿಯ ಹಿಂದೆಯೇ ನಿಮ್ಮನ್ನು ಬಿಡಲಿ. ಆಗ ನಿಮ್ಮ ವೇಗವೇ ಗುಂಪಿನ ವೇಗ ಆಗುತ್ತದೆ. ಹೊಸಬರು, ಸಣ್ಣ ಗಾಡಿಯವರು, ಹಿಂದೆ ಯಾರನ್ನಾದರೂ ಕೂರಿಸಿಕೊಂಡವರು, ಇವರೆಲ್ಲ ಮುಂದೆ ಇರಬೇಕು. ಅನುಭವ ಇರುವವರು ಹಿಂದೆ ಬರಲಿ. ಎರಡನೆಯದು ತಿರುವಿನ ನಿಯಮ. ದಾರಿ ಬದಲಾಗುವ ಕಡೆಯಲ್ಲೆಲ್ಲ ಪ್ರತಿಯೊಬ್ಬರೂ ತಮ್ಮ ಹಿಂದಿನವರು ಕನ್ನಡಿಯಲ್ಲಿ ಕಾಣುವ ತನಕ ಪಕ್ಕದಲ್ಲಿ ನಿಲ್ಲಬೇಕು. ಇಷ್ಟು ಮಾಡಿದರೆ ದಾರಿ ತಪ್ಪುವ ಭಯ ಹೋಗುತ್ತದೆ. ಆ ಭಯ ಹೋದರೆ ಹಿಡಿಯೋಕೆ ಓಡಿಸುವ ಚಟವೂ ಹೋಗುತ್ತದೆ. ದೊಡ್ಡ ರಸ್ತೆಯಲ್ಲಿ ಒಬ್ಬರು ಲೇನಿನ ಒಂದು ಬದಿ, ಮುಂದಿನವರು ಇನ್ನೊಂದು ಬದಿ ಹೋಗಿ. ನಿಮ್ಮ ನೇರ ಮುಂದಿರುವ ಗಾಡಿಗೂ ನಿಮಗೂ ಎರಡು ಸೆಕೆಂಡ್ ಅಂತರ ಇರಲಿ. ಮಳೆ ಬಂದರೆ ಅದು ನಾಲ್ಕಾಗಲಿ. ತಿರುವು, ಕಿರಿದಾದ ರಸ್ತೆ, ಜಲ್ಲಿ ಇರುವ ಕಡೆ ಒಬ್ಬರ ಹಿಂದೆ ಒಬ್ಬರು.

ಇದನ್ನು ಹೇಳಿದ ಮೇಲೂ ನಿಮ್ಮ ಕ್ಲಬ್ ಕೇಳದಿದ್ದರೆ ಬೇರೆ ಕ್ಲಬ್ ಹುಡುಕಿ.

ಪ್ರಶ್ನೆ: ನಾನು ಕ್ಲಬ್ಬಿನ ಕಾರ್ಯದರ್ಶಿ. ಪ್ರತಿ ವರ್ಷ ರಸ್ತೆ ಸುರಕ್ಷತೆಯ ಜಾಥಾ, ರಕ್ತದಾನ ಶಿಬಿರ ಮಾಡುತ್ತೇವೆ. ಬ್ಯಾನರ್, ಟೀ ಶರ್ಟ್, ಫೋಟೋ ಎಲ್ಲ ಆಗುತ್ತದೆ. ಆದರೂ ಜನಕ್ಕೆ ಮುಟ್ಟುತ್ತಿಲ್ಲ ಅನಿಸುತ್ತದೆ. ಬೇರೆ ಏನು ಮಾಡಬಹುದು?

ಉತ್ತರ: ಜಾಥಾದಲ್ಲಿ ಜನ ನಮ್ಮನ್ನು ನೋಡುತ್ತಾರೆ ಅಷ್ಟೇ, ಕಲಿಯೋದು ಏನೂ ಇರಲ್ಲ. ಅದರ ಬದಲು ಒಂದು ಖಾಲಿ ಮೈದಾನ ಕೇಳಿ ಪಡೆಯಿರಿ. ಸುಣ್ಣದಲ್ಲಿ ಒಂದು ಗೆರೆ ಎಳೆಯಿರಿ. ನೆಲ ಗಟ್ಟಿ ಇರಲಿ, ಮಣ್ಣು ಸಡಿಲ ಇರಬಾರದು. ಬಂದವರು 30, 40ರ ವೇಗದಲ್ಲಿ ಬಂದು ಗೆರೆಯ ಹತ್ತಿರ ಬ್ರೇಕ್ ಹಿಡಿಯಲಿ, ಎಲ್ಲಿ ನಿಲ್ಲುತ್ತಾರೋ ಅಲ್ಲಿ ಗುರುತು ಹಾಕಿ. ಬರೀ ಹಿಂದಿನ ಬ್ರೇಕ್ ಹಿಡಿದರೆ ಎಷ್ಟು ದೂರ, ಎರಡೂ ಬ್ರೇಕ್ ಮೆತ್ತಗೆ ಹಿಂಡಿದರೆ ಎಷ್ಟು ದೂರ ಅಂತ ಅವರ ಕಣ್ಣಿಗೇ ಕಾಣುತ್ತದೆ. ‘ಮುಂದಿನ ಬ್ರೇಕ್ ಹಿಡಿದರೆ ಪಲ್ಟಿ’ ಅಂತ ನಂಬಿದವರು ಬಹಳ ಜನ ಇದ್ದಾರೆ. ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಿನ ಚಕ್ರಕ್ಕೆ ಬರುತ್ತದೆ. ಅದಕ್ಕೇ ಹೆಚ್ಚು ಹಿಡಿತ ಸಿಗುವುದು ಅಲ್ಲೇ. ಥಟ್ಟನೆ ಎಳೆದರೆ ಮಾತ್ರ ಜಾರುತ್ತದೆ. ಇದನ್ನು ಮಾತಿನಲ್ಲಿ ಹೇಳಿದರೆ ತಲೆಯಾಡಿಸಿ ಹೋಗುತ್ತಾರೆ. ತಾವೇ ಮಾಡಿ ನೋಡಿದವರು ಮರೆಯಲ್ಲ.

ಅಲ್ಲೇ ಪಕ್ಕದಲ್ಲಿ ಒಂದು ಟೇಬಲ್ ಹಾಕಿ, ಬಂದವರ ಹೆಲ್ಮೆಟ್ ಪರೀಕ್ಷೆ ಮಾಡಿ. ಪಟ್ಟಿ ಬಿಗಿದ ಮೇಲೆ ಹೆಲ್ಮೆಟ್ಟಿನ ಹಿಂಭಾಗ ಹಿಡಿದು ಮೇಲಕ್ಕೆ, ಮುಂದಕ್ಕೆ ಎತ್ತಿ ನೋಡುವುದು. ಕಳಚಿ ಬಂದರೆ ಆ ಅಳತೆ ಅವರದ್ದಲ್ಲ. ಎಷ್ಟು ಹೆಲ್ಮೆಟ್ ಹೀಗೆ ಕೈಗೆ ಬರುತ್ತವೆ ನೋಡಿ, ನಿಮಗೇ ಗಾಬರಿಯಾಗುತ್ತದೆ.

ಶಾಲೆ, ಕಾಲೇಜಿಗೆ ಹೋದರೆ ಘೋಷಣೆ ಬಿಟ್ಟು ಹ್ಯೂ ಕೇರ್ನ್ಸ್ ಕಥೆ ಹೇಳಿ. ‘ಲಾರೆನ್ಸ್ ಆಫ್ ಅರೇಬಿಯಾ’ ಅಂತ ಹೆಸರಾಗಿದ್ದ ಟಿ. ಇ. ಲಾರೆನ್ಸ್ 1935ರಲ್ಲಿ ಬೈಕ್ ಅಪಘಾತದಲ್ಲಿ ತಲೆಗೆ ಪೆಟ್ಟಾಗಿ ತೀರಿಕೊಂಡರು. ಹೆಲ್ಮೆಟ್ ಇರಲಿಲ್ಲ. ಅವರನ್ನು ನೋಡಿದ ವೈದ್ಯರಲ್ಲಿ ಕೇರ್ನ್ಸ್ ಒಬ್ಬರು. ಮುಂದೆ ಅವರು ಸೈನ್ಯದ ಬೈಕ್ ಸವಾರರ ತಲೆಯ ಗಾಯಗಳನ್ನು ಕೂತು ಅಧ್ಯಯನ ಮಾಡಿ 1941ರಲ್ಲಿ ಬರೆದರು. ಅದೇ ವರ್ಷ ಬ್ರಿಟಿಷ್ ಸೈನ್ಯ ಬೈಕಿನಲ್ಲಿ ಸಂದೇಶ ಒಯ್ಯುವವರಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು. 2008ರಲ್ಲಿ ಬಂದ ಕಾಕ್ರೇನ್ ವಿಮರ್ಶೆ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ, ಅಪಘಾತವಾದಾಗ ಹೆಲ್ಮೆಟ್ ಸಾವಿನ ಅಪಾಯವನ್ನು ಸುಮಾರು 42% ತಗ್ಗಿಸುತ್ತದೆ, ತಲೆಗೆ ಗಾಯವಾಗುವುದನ್ನು 69% ತಗ್ಗಿಸುತ್ತದೆ ಎಂದು ಹೇಳಿತು. ಮಕ್ಕಳು ಇಂಥದ್ದನ್ನು ಮನೆಗೆ ಹೋಗಿ ಅಪ್ಪನಿಗೆ ಹೇಳುತ್ತಾರೆ.

ರಕ್ತದಾನ ಬಿಡಬೇಡಿ, ಬಹಳ ಒಳ್ಳೆಯ ಕೆಲಸ. ಆದರೆ ರಕ್ತ ಕೊಟ್ಟ ತಕ್ಷಣ ‘ಬನ್ನಿ, ಒಂದು ರೌಂಡ್ ಹೋಗಿ ಬರೋಣ’ ಅಂತ ಗಾಡಿ ಹತ್ತಿಸಬೇಡಿ. ಕೆಲವರಿಗೆ ಸ್ವಲ್ಪ ಹೊತ್ತಿನ ಮೇಲೆ ತಲೆ ಸುತ್ತುತ್ತದೆ. ಅದು ಹ್ಯಾಂಡಲ್ ಹಿಡಿದಿರುವಾಗ ಆದರೆ? ಶಿಬಿರದ ದಿನ ರೈಡ್ ಇಟ್ಟುಕೊಳ್ಳಲೇಬೇಡಿ.

ಬೇರೆ ಕಡೆ ಏನು ಮಾಡುತ್ತಾರೆ ಅಂತಲೂ ನೋಡಿ. ಬ್ರಿಟನ್ನಿನಲ್ಲಿ ‘ಬ್ಲಡ್ ಬೈಕ್ಸ್’ ಸ್ವಯಂಸೇವಕರು ರಾತ್ರಿ ಹೊತ್ತು, ರಜಾ ದಿನ ಆಸ್ಪತ್ರೆಯಿಂದ ಆಸ್ಪತ್ರೆಗೆ ರಕ್ತ, ಪರೀಕ್ಷೆಯ ಸ್ಯಾಂಪಲ್, ಎಳೆ ಮಕ್ಕಳಿಗೆ ದಾನದ ಎದೆಹಾಲು ಒಯ್ಯುತ್ತಾರೆ. ಬೈಕ್ ಓಡಿಸಲು ಗೊತ್ತಿರುವವರು ಮಾತ್ರ ಮಾಡಬಹುದಾದ ಸೇವೆ ಅದು. ನನಗೆ ಅದಕ್ಕೇ ಇಷ್ಟ.

ಒಂದೇ ಕೆಲಸಕ್ಕೆ ಹಣ, ಸಮಯ ಇದೆ ಅಂದರೆ ಸದಸ್ಯರಿಗೆಲ್ಲ ಪ್ರಥಮ ಚಿಕಿತ್ಸೆ ಕಲಿಸಿ, ಗೊತ್ತಿರುವವರನ್ನು ಕರೆಸಿ. ರಸ್ತೆಯಲ್ಲಿ ಸುತ್ತುವ ನಮಗೇ ಅಪಘಾತ ಮೊದಲು ಕಾಣುವುದು. ಮೊದಲು ಹಿಂದಿನಿಂದ ಬರುವ ಗಾಡಿಗಳನ್ನು ದೂರದಲ್ಲೇ ಎಚ್ಚರಿಸಬೇಕು. ಒಬ್ಬರು ಆಂಬುಲೆನ್ಸಿಗೆ ಫೋನ್ ಮಾಡಬೇಕು. ಬಿದ್ದವರು ಉಸಿರಾಡುತ್ತಿದ್ದರೆ ಹೆಲ್ಮೆಟ್ ಎಳೆಯಬಾರದು, ಗಾಜು ಮೇಲೆತ್ತಿದರೆ ಸಾಕು. ಕತ್ತಿಗೆ ಪೆಟ್ಟಾಗಿರಬಹುದು ಅಲ್ವಾ? ಉಸಿರಾಟ ಇಲ್ಲದಿದ್ದರೆ ಮಾತ್ರ ತೆಗೆಯಬೇಕು, ಅದೂ ಇಬ್ಬರು ಸೇರಿ. ಒಬ್ಬರು ತಲೆ, ಕತ್ತು ಅಲ್ಲಾಡದಂತೆ ಹಿಡಿದಿರಬೇಕು, ಇನ್ನೊಬ್ಬರು ಪಟ್ಟಿ ಬಿಚ್ಚಿ ನಿಧಾನವಾಗಿ ಜಾರಿಸಬೇಕು. ಇದನ್ನು ಕ್ಲಬ್ಬಿನಲ್ಲೇ ಒಬ್ಬರ ಮೇಲೊಬ್ಬರು ಅಭ್ಯಾಸ ಮಾಡಿ.

ಪ್ರಶ್ನೆ: ಹೆಲ್ಮೆಟ್ ಕೈಜಾರಿ ಬಿತ್ತು. ಹೊರಗೆ ಬರೀ ಗೀರು. ಹೊಸದು ತಗೋಬೇಕಾ?

ಉತ್ತರ: ತಲೆ ಒಳಗಿಲ್ಲದೆ ಸೊಂಟದ ಎತ್ತರದಿಂದ ಒಂದು ಸಲ ಬಿದ್ದದ್ದಕ್ಕೆ ಸಾಮಾನ್ಯವಾಗಿ ಬೇಕಾಗಲ್ಲ. ಒಳಗಿನ ಬಟ್ಟೆ ಬಿಚ್ಚಿ ಥರ್ಮೋಕೋಲ್ ಪದರ ನೋಡಿ. ಬಿರುಕು, ತಗ್ಗು ಕಂಡರೆ ಬದಲಿಸಿ. ಅಪಘಾತದಲ್ಲಿ ತಲೆಯ ಮೇಲಿದ್ದು ಪೆಟ್ಟು ತಿಂದದ್ದಾದರೆ ಹೊರಗೆ ಏನೂ ಕಾಣದಿದ್ದರೂ ಬದಲಿಸಿ. ಆ ಪದರ ಒಂದು ಸಲ ನಜ್ಜಾದರೆ ಮತ್ತೆ ಎದ್ದು ಬರಲ್ಲ. ಗಾಡಿಯ ಕನ್ನಡಿಗೆ ಹೆಲ್ಮೆಟ್ ಸಿಕ್ಕಿಸುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಕನ್ನಡಿಯ ತುದಿ ಚುಚ್ಚಿ ಚುಚ್ಚಿ ಅದೇ ಪದರವನ್ನು ಒಳಗಿಂದ ಕೆಡಿಸುತ್ತದೆ.