ಹಾಸನದವರು ಆಸ್ಟ್ರೋಫೋಟೋಗ್ರಫಿಗೆ ಹತ್ತು ಲಕ್ಷದ ಮೌಂಟ್ ತಗೊಳ್ಳಬಹುದಾ?

ನಿಮ್ಮ ಪ್ರಶ್ನೆ ನಾನು ಅರ್ಥ ಮಾಡಿಕೊಂಡಿದ್ದು ಹೀಗೆ. ಮನೆ ಹಾಸನದಲ್ಲಿ, ಆಲ್ದೂರಿನ ಹತ್ತಿರ ಮಾವನವರ ಕಾಫಿ ತೋಟ. ಈಗ ಇರುವುದು 530 ಮಿ.ಮೀ. ಫೋಕಲ್ ಲೆಂತ್‌ನ ರಿಫ್ರ್ಯಾಕ್ಟರ್ (ಲೆನ್ಸಿನ ಟೆಲಿಸ್ಕೋಪ್), 3.76 ಮೈಕ್ರಾನ್ ಪಿಕ್ಸೆಲ್‌ನ ಕ್ಯಾಮೆರಾ, ಇಕ್ಯು6-ಆರ್ ಮೌಂಟ್ (ಟೆಲಿಸ್ಕೋಪನ್ನು ಹೊತ್ತು ನಕ್ಷತ್ರದ ಜೊತೆ ತಿರುಗಿಸುವ ಯಂತ್ರ). ಮುಂದೆ 1600 ಮಿ.ಮೀ.ನ 8 ಇಂಚಿನ ಆರ್‌ಸಿ (ರಿಚಿ-ಕ್ರೆಟಿಯೆನ್, ಕನ್ನಡಿಯ) ಟೆಲಿಸ್ಕೋಪ್ ತಗೊಳ್ಳುವ ಆಸೆ. ಆಸ್ಟ್ರೋ-ಫಿಸಿಕ್ಸ್ ಮಾಕ್2, ಟೆನ್‌ಮೈಕ್ರಾನ್ ಜಿಎಂ1000, ಇಲ್ಲವೇ ಝಡ್‌ಡಬ್ಲ್ಯೂಓ ಎಎಂ5 ತರಹದ ಹಾರ್ಮೋನಿಕ್ ಮೌಂಟ್ (ಬಾಗುವ ತೆಳು ಗೇರಿನ ಹಗುರ ಮೌಂಟ್). ಇವುಗಳಲ್ಲಿ ಯಾವುದು ಅಂತ ಕೇಳಿದ್ದೀರಿ.

ತೋಟದಲ್ಲಿ ಕಾಂಕ್ರೀಟ್ ಕಂಬ ನಿಲ್ಲಿಸಿ ಮೌಂಟನ್ನು ಅಲ್ಲೇ ಬಿಡುವ ಹಾಗಿದ್ದರೆ ಎನ್‌ಕೋಡರ್ (ಮೌಂಟ್ ಎಷ್ಟು ತಿರುಗಿದೆ ಅಂತ ಓದುವ ಸಾಧನ) ಇರುವ ದೊಡ್ಡ ಮೌಂಟ್ ತಗೊಳ್ಳಿ. ಪ್ರತಿ ಸಲ ಹಾಸನದಿಂದ ಕಾರಿನಲ್ಲಿ ಹೊತ್ತುಕೊಂಡು ಹೋಗುವ ಹಾಗಿದ್ದರೆ ಹಾರ್ಮೋನಿಕ್ ಸಾಕು. ಹಾಗಾಗಿ ಮೊದಲು ಮಾವನವರ ಹತ್ತಿರ ಕಂಬದ ವಿಷಯ ಮಾತಾಡಿ. ಬ್ರ್ಯಾಂಡ್ ಆಮೇಲೆ ನೋಡೋಣ. ನಾನು ಚಿಕ್ಕಮಗಳೂರು ಕಡೆಯವನು. ಮನೆ ಹಿಂದಿನ ಕಂಬದ ಮೇಲೆ ಎನ್‌ಕೋಡರ್ ಮೌಂಟ್ ಇದೆ, ಹೊರಗೆ ಹೋಗುವಾಗ ಹಾರ್ಮೋನಿಕ್ ಒಯ್ಯುತ್ತೇನೆ. ಎರಡನ್ನೂ ಬಳಸುವುದರಿಂದ ಇದನ್ನು ಸ್ವಲ್ಪ ಧೈರ್ಯವಾಗಿ ಹೇಳುತ್ತಿದ್ದೇನೆ.

ಮೊದಲು ಲೆಕ್ಕ. ಪಿಕ್ಸೆಲ್ ಅಳತೆಯನ್ನು 206 ರಿಂದ ಗುಣಿಸಿ ಫೋಕಲ್ ಲೆಂತ್‌ನಿಂದ ಭಾಗಿಸಿದರೆ, ಒಂದು ಪಿಕ್ಸೆಲ್ ಆಕಾಶದಲ್ಲಿ ಎಷ್ಟು ಆರ್ಕ್‌ಸೆಕೆಂಡ್ (ಡಿಗ್ರಿಯ 3600ನೇ ಒಂದು ಭಾಗ) ನೋಡುತ್ತದೆ ಅಂತ ಗೊತ್ತಾಗುತ್ತದೆ. ನಿಮ್ಮ ರಿಫ್ರ್ಯಾಕ್ಟರ್‌ಗೆ ಅದು 1.46. ಗೈಡಿಂಗ್ ಅಂದರೆ ಇನ್ನೊಂದು ಕ್ಯಾಮೆರಾದಿಂದ ಒಂದು ನಕ್ಷತ್ರ ನೋಡುತ್ತ ಮೌಂಟನ್ನು ತಿದ್ದುತ್ತಿರುವುದು. ಅದರ ದೋಷ 1.46ರ ಅರ್ಧದ ಆಸುಪಾಸಿನಲ್ಲಿ ಇದ್ದರೆ ನಕ್ಷತ್ರಗಳು ದುಂಡಗೆ ಬರುತ್ತವೆ. ಚೆನ್ನಾಗಿ ಟ್ಯೂನ್ ಮಾಡಿದ ಇಕ್ಯು6-ಆರ್ ಅಷ್ಟು ಕೊಡುತ್ತದೆ. ಅಂದರೆ ಈಗಿನ ಟೆಲಿಸ್ಕೋಪಿಗೆ ನಿಮ್ಮ ಈಗಿನ ಮೌಂಟ್ ಸಾಲದು ಅನ್ನುವ ಮಾತೇ ಇಲ್ಲ. 1600 ಮಿ.ಮೀ.ಗೆ ಹೋದರೆ ಅದೇ ಪಿಕ್ಸೆಲ್ 0.48 ಆರ್ಕ್‌ಸೆಕೆಂಡ್ ಆಗುತ್ತದೆ. ಆಗ ವಿಷಯ ಬೇರೆ. ಆಗಲೂ ವಾತಾವರಣದ ಕಂಪನ ನಕ್ಷತ್ರವನ್ನು ಎರಡು ಆರ್ಕ್‌ಸೆಕೆಂಡಿಗೆ ಉಬ್ಬಿಸಿದ ರಾತ್ರಿ ಹತ್ತು ಲಕ್ಷದ ಮೌಂಟ್ ಕೂಡ ಏನೂ ಮಾಡಲಾರದು.

ಭಾರ ಹೊರುವ ಶಕ್ತಿ ನಿಮಗೆ ಸಮಸ್ಯೆಯೇ ಅಲ್ಲ. 8 ಇಂಚಿನ ಆರ್‌ಸಿ, ಕ್ಯಾಮೆರಾ, ಫೋಕಸರ್ ಎಲ್ಲ ಸೇರಿ ಹತ್ತು-ಹನ್ನೊಂದು ಕೆಜಿ ಬರಬಹುದು. ಎಎಂ5 ಕೌಂಟರ್‌ವೇಟ್ (ಸಮತೋಲನಕ್ಕೆ ಎದುರು ಬದಿಗೆ ಹಾಕುವ ತೂಕ) ಇಲ್ಲದೆ 13 ಕೆಜಿ ಹೊರುತ್ತದೆ, ಕೌಂಟರ್‌ವೇಟ್ ಹಾಕಿದರೆ 20. ಜಿಎಂ1000ಕ್ಕೆ 25 ಕೆಜಿ, ಮಾಕ್2ಗೆ ಸುಮಾರು 34.

ಹಾಗಾದರೆ ಜಾಸ್ತಿ ದುಡ್ಡು ಯಾವುದಕ್ಕೆ? ಮುಖ್ಯವಾಗಿ ಎನ್‌ಕೋಡರ್‌ಗೆ. ಇಕ್ಯು6ನಂಥ ಮೌಂಟ್‌ನಲ್ಲಿ 180 ಹಲ್ಲಿನ ಚಕ್ರವನ್ನು ವರ್ಮ್ (ಸ್ಕ್ರೂ ಥರದ ಗೇರ್) ತಿರುಗಿಸುತ್ತದೆ. ವರ್ಮ್ ಒಂದು ಸುತ್ತು ಬರಲು ಸುಮಾರು 479 ಸೆಕೆಂಡ್ ಬೇಕು. ಲೋಹ ಕಡೆದದ್ದರಲ್ಲಿ ಎಲ್ಲೇ ಸಣ್ಣ ಡೊಂಕಿದ್ದರೂ ಅದು ಎಂಟು ನಿಮಿಷಕ್ಕೊಮ್ಮೆ ಫೋಟೋದಲ್ಲಿ ಬಂದು ಕೂರುತ್ತದೆ. ಗೈಡ್ ಕ್ಯಾಮೆರಾ ನಕ್ಷತ್ರ ಸರಿದ ಮೇಲೆ ಅದನ್ನು ನೋಡಿ ತಿದ್ದುತ್ತದೆ. ಎನ್‌ಕೋಡರ್ ಹಾಗಲ್ಲ. ಅದು ಅಚ್ಚಿನ ಮೇಲೆಯೇ ಕೂತು, ಅಚ್ಚು ನಿಜಕ್ಕೂ ಎಷ್ಟು ತಿರುಗಿದೆ ಅಂತ ಓದಿ, ತಪ್ಪು ದೊಡ್ಡದಾಗುವ ಮೊದಲೇ ಮೋಟಾರಿಗೆ ಹೇಳುತ್ತದೆ. ಟೆನ್‌ಮೈಕ್ರಾನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಆಕಾಶದ ತುಂಬ ಹಲವು ನಕ್ಷತ್ರಗಳನ್ನು ಹಿಡಿದು ಒಂದು ಮಾಡೆಲ್ ಕಟ್ಟಿಕೊಟ್ಟರೆ, ಮೌಂಟಿನ ಅಚ್ಚು ಆಕಾಶದ ಧ್ರುವಕ್ಕೆ ಸ್ವಲ್ಪ ತಪ್ಪಿ ನಿಂತಿರುವುದು, ವಾತಾವರಣ ಬೆಳಕನ್ನು ಬಗ್ಗಿಸುವುದು, ಟ್ಯೂಬ್ ಬಾಗುವುದು ಎಲ್ಲವನ್ನೂ ಲೆಕ್ಕ ಹಾಕಿ ಓಡುತ್ತದೆ. ಗೈಡಿಂಗ್ ಇಲ್ಲದೆ ಕೆಲವು ನಿಮಿಷದ ಎಕ್ಸ್‌ಪೋಷರ್ ಸಿಗುತ್ತದೆ.

ಆದರೆ ಆ ಮಾಡೆಲ್ ಮೌಂಟ್ ಅಲುಗಾಡದೆ ಇರುವವರೆಗೆ ಮಾತ್ರ. ಟ್ರೈಪಾಡ್ ಬಿಚ್ಚಿದಿರಿ ಅಂದರೆ ಮುಂದಿನ ಸಲ ಮತ್ತೆ ಕಟ್ಟಬೇಕು. ಮಲೆನಾಡಿನಲ್ಲಿ ರಾತ್ರಿ ಹನ್ನೊಂದಕ್ಕೋ ಹನ್ನೆರಡಕ್ಕೋ ಮಂಜು ಇಳಿಯುವ ದಿನ, ಅದರಲ್ಲಿ ಅರ್ಧ ಗಂಟೆ ಮಾಡೆಲ್‌ಗೇ ಹೋದರೆ ಹೊಟ್ಟೆ ಉರಿಯುತ್ತದೆ ಅಲ್ವಾ? ಕಂಬ ಇಲ್ಲದೆ ಈ ಮೌಂಟ್ ಕೊಳ್ಳುವುದು, ಎತ್ತು ಕೊಂಡು ಕೊಟ್ಟಿಗೆ ಇಲ್ಲದೆ ಪೇಟೆ ಬೀದಿಯಲ್ಲಿ ಕಟ್ಟಿದ ಹಾಗೆ.

ಹಾರ್ಮೋನಿಕ್ ಮೌಂಟ್‌ಗಳ ಗುಣ ಬೇರೆ. ಎಎಂ5ರ ತೂಕ ಬರೀ 5 ಕೆಜಿ. ಬ್ಯಾಕ್‌ಲ್ಯಾಶ್ (ಗೇರ್ ಹಲ್ಲುಗಳ ನಡುವಿನ ಸಡಿಲ) ಇಲ್ಲವೇ ಇಲ್ಲ ಅನ್ನಬಹುದು. ಆದರೆ ಸ್ವಂತ ದೋಷ ಜಾಸ್ತಿ, ಕೆಲವೇ ನಿಮಿಷಗಳಲ್ಲಿ ಹತ್ತು-ಇಪ್ಪತ್ತು ಆರ್ಕ್‌ಸೆಕೆಂಡ್ ಆಚೆ ಈಚೆ ಓಡುತ್ತದೆ. ಗೈಡಿಂಗ್ ಇಲ್ಲದೆ ಬಳಸುವ ಮಾತೇ ಬೇಡ. ಗೈಡ್ ಎಕ್ಸ್‌ಪೋಷರ್ ಒಂದು ಸೆಕೆಂಡಿನ ಆಸುಪಾಸಿನಲ್ಲಿ ಇಟ್ಟರೆ ಸುಮ್ನೆ ಕೆಲಸ ಮಾಡುತ್ತದೆ. ಒಂದೇ ಎಚ್ಚರಿಕೆ: ಕೌಂಟರ್‌ವೇಟ್ ಇಲ್ಲ ಅಂತ ಖುಷಿಪಡುವವರು, ಭಾರವೆಲ್ಲ ಒಂದು ಪಕ್ಕಕ್ಕೆ ವಾಲಿದಾಗ ಹಗುರ ಟ್ರೈಪಾಡ್ ಮಗುಚುತ್ತದೆ ಅನ್ನುವುದನ್ನು ಮರೆಯುತ್ತಾರೆ. ಆರ್‌ಸಿ ಹಾಕಿದರೆ ಕೌಂಟರ್‌ವೇಟ್ ಹಾಕಿಯೇ ಬಳಸಿ.

ಈಗ ಯಾವ ವಿದೇಶಿ ರಿವ್ಯೂನಲ್ಲೂ ನಿಮಗೆ ಸಿಗದ ವಿಷಯ. ನಾವು ಇರುವುದು 13 ಡಿಗ್ರಿ ಅಕ್ಷಾಂಶದಲ್ಲಿ. ರಿವ್ಯೂ ಬರೆಯುವವರಲ್ಲಿ ಜಾಸ್ತಿ ಜನ 35ರಿಂದ 52 ಡಿಗ್ರಿಯಲ್ಲಿ ಇರುತ್ತಾರೆ. ಮೌಂಟಿನ ಅಚ್ಚು ಆಕಾಶದ ಧ್ರುವದ ಕಡೆ ನೆಟ್ಟಿರಬೇಕಾದ್ದರಿಂದ ಅವರ ಮೌಂಟ್ ಅರ್ಧ ಎದ್ದು ನಿಂತಿರುತ್ತದೆ, ನಮ್ಮದು ಹೆಚ್ಚುಕಡಿಮೆ ಮಲಗಿರುತ್ತದೆ. ಇದರಿಂದ ಎರಡು ತೊಂದರೆ. ಒಂದು, ಮೌಂಟಿನ ತಲೆ ಉತ್ತರಕ್ಕೆ ಚಾಚಿಕೊಳ್ಳುವುದರಿಂದ ಭಾರ ಟ್ರೈಪಾಡಿನ ನಡುವೆ ಬೀಳುವುದಿಲ್ಲ. ಒಂದು ಕಾಲನ್ನು ಸರಿಯಾಗಿ ಉತ್ತರಕ್ಕೆ ಇಡಲೇಬೇಕು. ಎರಡು, ಹಾಗೆ ಇಟ್ಟ ಕಾಲಿಗೇ ಕೌಂಟರ್‌ವೇಟ್ ಬಂದು ತಾಗುತ್ತದೆ. ಟ್ರೈಪಾಡ್ ಮತ್ತು ಮೌಂಟ್ ನಡುವೆ ಒಂದು ಪಿಯರ್ ತುಂಡು (ಗಿಡ್ಡ ಕಂಬ) ಹಾಕಿದರೆ ಸರಿಹೋಗುತ್ತದೆ. ಅಕ್ಷಾಂಶದ ಮಿತಿಯನ್ನೂ ನೋಡಿ. ಇಕ್ಯು6-ಆರ್ 10 ಡಿಗ್ರಿವರೆಗೆ ಇಳಿಯುತ್ತದೆ, ಎಎಂ5 ಸೊನ್ನೆವರೆಗೆ. ದುಬಾರಿ ಮೌಂಟ್ ಅಂದ ಮಾತ್ರಕ್ಕೆ 13ಕ್ಕೆ ಇಳಿಯುತ್ತದೆ ಅಂತ ನಂಬಬೇಡಿ. ಇಳಿದರೂ ತೂಕ ಹಾಕಿದಾಗ ಅಡ್ಜಸ್ಟ್‌ಮೆಂಟ್ ಬೋಲ್ಟ್ ಆರಾಮಾಗಿ ತಿರುಗಬೇಕು.

ಧ್ರುವ ನಕ್ಷತ್ರದ ಕಥೆಯೂ ಹೀಗೇ. ನಮಗೆ ಅದು ದಿಗಂತದಿಂದ ಬರೀ 13 ಡಿಗ್ರಿ ಮೇಲೆ. ತೋಟದಲ್ಲಿ ಸಿಲ್ವರ್ ಓಕ್ ಮರಗಳಿದ್ದರೆ ಕಾಣುವುದೇ ಇಲ್ಲ. ಕಂಡರೂ ಅಷ್ಟು ಕೆಳಗೆ ವಾತಾವರಣ ಅದನ್ನು ಸುಮಾರು 4 ಆರ್ಕ್‌ಮಿನಿಟ್ ಮೇಲೆತ್ತಿ ತೋರಿಸುತ್ತದೆ. ಕಂಡ ಜಾಗಕ್ಕೆ ಮೌಂಟ್ ತಿರುಗಿಸಿದರೆ ಪೂರ್ವ, ಪಶ್ಚಿಮದ ಕಡೆಯ ನಕ್ಷತ್ರ ನಿಮಿಷಕ್ಕೆ ಒಂದು ಆರ್ಕ್‌ಸೆಕೆಂಡ್ ತನಕ ಜಾರಬಹುದು. ಗೈಡಿಂಗ್ ಇದ್ದರೆ ಅದು ತಿದ್ದಿಕೊಳ್ಳುತ್ತದೆ. ಗೈಡಿಂಗ್ ಇಲ್ಲದೆ ಓಡಿಸುವವರಿಗೆ ಮಾತ್ರ ತಲೆನೋವು. ಪೋಲಾರ್ ಸ್ಕೋಪ್‌ನಲ್ಲಿ ಬಗ್ಗಿ ನೋಡುವುದನ್ನು ಬಿಟ್ಟು, ಆಕಾಶದ ಬೇರೆ ಕಡೆ ಫೋಟೋ ತೆಗೆದು ಪ್ಲೇಟ್ ಸಾಲ್ವ್ ಮಾಡಿ (ಫೋಟೋದ ನಕ್ಷತ್ರಗಳಿಂದ ಅದು ಆಕಾಶದ ಯಾವ ಜಾಗ ಅಂತ ಕಂಡುಹಿಡಿದು) ಅಲೈನ್ ಮಾಡುವ ವಿಧಾನ ಬಳಸಿ. ‘ನಿನಾ’ (N.I.N.A.) ಸಾಫ್ಟ್‌ವೇರಿನ ತ್ರೀ ಪಾಯಿಂಟ್ ಅಲೈನ್‌ಮೆಂಟ್ ಇದಕ್ಕೆ ಸಾಕು, ಧ್ರುವ ನಕ್ಷತ್ರ ಕಾಣುವ ಅಗತ್ಯವೇ ಇಲ್ಲ.

ಹಾಗಾಗಿ ಕಂಬಕ್ಕೆ ಜಾಗ ಹುಡುಕುವಾಗ ಉತ್ತರ ತೆರೆದಿರಲಿ ಅಂತ ಒದ್ದಾಡಬೇಡಿ. ದಕ್ಷಿಣ ತೆರೆದಿರಲಿ. ಒಮೆಗಾ ಸೆಂಟಾರಿ ನಕ್ಷತ್ರಗುಚ್ಛ ನಮಗೆ 29 ಡಿಗ್ರಿ ಎತ್ತರಕ್ಕೆ ಬರುತ್ತದೆ, ಕ್ಯಾರಿನಾ ನೆಬ್ಯುಲಾ 17 ಡಿಗ್ರಿಗೆ. ಜರ್ಮನಿಯಲ್ಲೋ ಇಂಗ್ಲೆಂಡಿನಲ್ಲೋ ಇರುವವನು ಎಷ್ಟು ದುಡ್ಡಿನ ಮೌಂಟ್ ಇಟ್ಟುಕೊಂಡರೂ ಮನೆಯಿಂದ ಇವೆರಡನ್ನು ತೆಗೆಯಲಾರ. ಆಲ್ದೂರಿನ ಕಡೆಯಿಂದ ನೋಡಿದರೆ ಚಿಕ್ಕಮಗಳೂರಿನ ಬೆಳಕು ಪೂರ್ವದಲ್ಲಿ, ದಕ್ಷಿಣಕ್ಕೆ ಅದರ ಕಾಟ ಕಡಿಮೆ. ಓರಿಯನ್ ಅಂತೂ ಹೆಚ್ಚುಕಡಿಮೆ ನೆತ್ತಿಯ ಮೇಲೆ ಹೋಗುತ್ತದೆ. ಆಗ ಉದ್ದ ಟ್ಯೂಬ್ ಆದರೆ ಟ್ರೈಪಾಡ್ ಕಾಲಿಗೆ ತಾಗುತ್ತದೆ. ನಿಮ್ಮ ರಿಫ್ರ್ಯಾಕ್ಟರ್, ಆರ್‌ಸಿ ಎರಡೂ ಗಿಡ್ಡ, ಬಚಾವು.

ಓರಿಯನ್ ಅಂದಾಗ ಒಂದು ಮಾತು. ನಿಮ್ಮ ಊರಿನ ಎಂಸಿಎಫ್ (ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ) ನೋಡಿಕೊಳ್ಳುವಂಥ ಭೂಸ್ಥಿರ ಉಪಗ್ರಹಗಳು ಇಲ್ಲಿಂದ ಆಕಾಶದ ಸಮಭಾಜಕಕ್ಕಿಂತ ಎರಡು ಡಿಗ್ರಿ ಚಿಲ್ಲರೆ ದಕ್ಷಿಣಕ್ಕೆ ಕಾಣುತ್ತವೆ. ಕುದುರೆತಲೆ ನೆಬ್ಯುಲಾ ಇರುವುದೂ ಅದೇ ಪಟ್ಟಿಯಲ್ಲಿ. ಮೌಂಟ್ ನಕ್ಷತ್ರದ ಜೊತೆ ಓಡುತ್ತದೆ, ಉಪಗ್ರಹ ನಿಂತಲ್ಲೇ ನಿಂತಿರುತ್ತದೆ, ಫೋಟೋದಲ್ಲಿ ಪೂರ್ವ-ಪಶ್ಚಿಮ ಗೆರೆ ಬೀಳುತ್ತದೆ. ಮೌಂಟ್ ಕೆಟ್ಟಿದೆ ಅಂತ ಗಾಬರಿಯಾಗಬೇಡಿ. ತುಂಬ ಫ್ರೇಮ್ ತೆಗೆದು ಸ್ಟ್ಯಾಕ್ ಮಾಡಿದರೆ ಗೆರೆ ಹೋಗುತ್ತದೆ.

ಮಳೆಗಾಲದ ಬಗ್ಗೆ ನಿಮಗೆ ನಾನು ಹೇಳಬೇಕಾಗಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ಲೆಕ್ಕಕ್ಕಿಲ್ಲ. ಅಕ್ಟೋಬರ್ ಅದೃಷ್ಟ. ಗಟ್ಟಿ ಸೀಸನ್ ಡಿಸೆಂಬರ್‌ನಿಂದ ಫೆಬ್ರವರಿ, ಆಮೇಲೆ ಹೂಮಳೆ ಶುರು. ಅದೇ ಮೂರು ತಿಂಗಳು ಕಾಫಿ ಕೊಯ್ಲು, ಕಣದ ತುಂಬ ಹಣ್ಣು ಒಣಗಲು ಹರಡಿರುತ್ತದೆ. ಹೇಗೂ ಸಿಮೆಂಟ್ ಕಣ ಇದೆ, ಅಲ್ಲೇ ಟ್ರೈಪಾಡ್ ಇಟ್ಟರಾಯಿತು ಅಂತ ಯೋಚಿಸಿದ್ದರೆ ಬಿಟ್ಟುಬಿಡಿ. ನಿಮಗೆ ಬೇಕಾದಾಗಲೇ ಅದು ಖಾಲಿ ಇರುವುದಿಲ್ಲ. ಪಕ್ಕದಲ್ಲಿ ಬೇರೆ ಜಾಗದಲ್ಲಿ ಮೂರಡಿ ಆಳದ ಗುಂಡಿ, ಅದರಿಂದ ಎದ್ದ ಕಂಬ, ಸುತ್ತಲಿನ ನೆಲಕ್ಕೆ ಅಂಟದ ಹಾಗೆ. ಅಂಟಿದರೆ ನೀವು ನಡೆದಾಡಿದ್ದೆಲ್ಲ ಫೋಟೋದಲ್ಲಿ ಬರುತ್ತದೆ.

ಮೇ ಕೊನೆಗೆ ಮೌಂಟಿನ ತಲೆ ಬಿಚ್ಚಿ ಒಳಗೆ ತನ್ನಿ, ಕಂಬ ಮಾತ್ರ ಮಳೆಯಲ್ಲಿ ನೆನೆಯಲಿ. ಎಷ್ಟು ಚೆನ್ನಾಗಿ ಶೆಡ್ ಕಟ್ಟಿದರೂ ಮಲೆನಾಡಿನ ತೇವಕ್ಕೆ ಲೆನ್ಸ್‌ಗೆ ಬೂಷ್ಟು, ಬೋಲ್ಟ್‌ಗೆ ತುಕ್ಕು ತಪ್ಪುವುದಿಲ್ಲ. ಈ ಕಾರಣಕ್ಕೇ ಒಬ್ಬರೇ ಎತ್ತುವ ತೂಕ ಮುಖ್ಯ. ಮಾಕ್2, ಜಿಎಂ1000 ಎರಡೂ 20 ಕೆಜಿ ಆಸುಪಾಸು, ಎತ್ತಬಹುದು. ಅದಕ್ಕಿಂತ ದೊಡ್ಡದಕ್ಕೆ ಆಸೆಪಡಬೇಡಿ. ಏಪ್ರಿಲ್-ಮೇ ಗುಡುಗಿನ ದಿನಗಳಲ್ಲಿ ಎಲ್ಲ ಕೇಬಲ್ ಕಿತ್ತಿಡಿ, ನೆಟ್‌ವರ್ಕ್ ಕೇಬಲ್ ಸೇರಿಸಿ. ಟೆನ್‌ಮೈಕ್ರಾನ್‌ಗೆ 24 ವೋಲ್ಟ್ ಬೇಕು. ನಿಮ್ಮ ಹತ್ತಿರ ಇರುವ 12 ವೋಲ್ಟ್ ಬ್ಯಾಟರಿ ಅದಕ್ಕೆ ನೇರವಾಗಿ ಆಗದು.

ಕರೆಂಟ್ ಹೋಗುವ ಊರಿಗೆ ಆಬ್ಸಲ್ಯೂಟ್ ಎನ್‌ಕೋಡರ್ ನಿಜವಾಗಿ ಉಪಕಾರಿ. ಕರೆಂಟ್ ಬಂದ ತಕ್ಷಣ ತಾನು ಎಲ್ಲಿ ನೋಡುತ್ತಿದ್ದೆ ಅಂತ ಮೌಂಟಿಗೆ ಗೊತ್ತಿರುತ್ತದೆ. ಹಾಸನದ ಮನೆಯಲ್ಲಿ ಕೂತು ತೋಟದ ಟೆಲಿಸ್ಕೋಪ್ ಓಡಿಸುವ ಯೋಚನೆ ಇದ್ದರೆ ಇದೊಂದಕ್ಕೇ ದುಡ್ಡು ಕೊಡಬಹುದು. ಆದರೆ ತೋಟದಲ್ಲಿ ಇಂಟರ್ನೆಟ್ ಹೇಗಿದೆ ಅಂತ ಮೊದಲು ನೋಡಿ.

ನನ್ನ ಸಲಹೆ: ಈ ಸೀಸನ್ನಿಗೆ ಕಂಬ ಕಟ್ಟಿಸಿ, ಇಕ್ಯು6 ಅನ್ನೇ ಅದರ ಮೇಲೆ ಕೂರಿಸಿ. ಕಂಬದ ಮೇಲೆ ಅದು ಬೇರೆಯೇ ಮೌಂಟ್ ಥರ ನಡೆದುಕೊಳ್ಳುತ್ತದೆ. ಆರ್‌ಸಿ ಬಂದು, ಒಳ್ಳೆಯ ರಾತ್ರಿಗಳಲ್ಲೂ ಗೈಡಿಂಗ್ ಸಾಲದೆ ಹೋದರೆ ಆಗ ಎನ್‌ಕೋಡರ್ ಮೌಂಟಿಗೆ ಆರ್ಡರ್ ಕೊಡಿ. ಮಾಕ್2, ಜಿಎಂ1000 ಎರಡರಲ್ಲಿ ನಿಮಗೆ ನಾನು ಜಿಎಂ1000 ಅನ್ನುತ್ತೇನೆ. ಕಂಬದ ಮೇಲೆ ಕಾಯಂ ಇರುವ ಮೌಂಟಿಗೆ ಅದರ ಮಾಡೆಲ್ ಪೂರ್ತಿ ಉಪಯೋಗಕ್ಕೆ ಬರುತ್ತದೆ. ಗೈಡಿಂಗ್ ಮಾಡಿಕೊಂಡೇ ಇರುತ್ತೇನೆ ಅಂದರೆ ಮಾಕ್2 ಯಾವ ಲೆಕ್ಕದಲ್ಲೂ ಕಡಿಮೆ ಇಲ್ಲ.

ಮಾರುವವರಿಗೆ ಮೂರು ಪ್ರಶ್ನೆ ಕೇಳಿ. 13 ಡಿಗ್ರಿಯಲ್ಲಿ ಇಟ್ಟಾಗ ಕೌಂಟರ್‌ವೇಟ್ ಎಲ್ಲೂ ತಾಗದೆ ಸುತ್ತುತ್ತದಾ? ಕಸ್ಟಮ್ಸ್, ಜಿಎಸ್‌ಟಿ, ಸಾಗಣೆ ಸೇರಿ ಮನೆ ಬಾಗಿಲಿಗೆ ಒಟ್ಟು ಎಷ್ಟು? ಕೆಟ್ಟರೆ ಬೋರ್ಡ್ ಮಾತ್ರ ಕಳಿಸಿದರೆ ಸಾಕಾ, ಇಲ್ಲಾ ಪೂರ್ತಿ ಮೌಂಟ್ ವಾಪಸ್ ಹೋಗಬೇಕಾ, ಆ ಖರ್ಚು ಯಾರದ್ದು? ಮೂರಕ್ಕೂ ಇಮೇಲ್‌ನಲ್ಲಿ ಉತ್ತರ ಬರುವ ತನಕ ಮುಂಗಡ ಕಳಿಸಬೇಡಿ.