ಬ್ಯಾಟರಿ ಸ್ಟೇಪ್ಲರ್‌ಗೆ ಪೇಟೆಂಟ್ ಹಾಕಿದ್ದೆ, 'ಹೊಸದೇನೂ ಇಲ್ಲ' ಅಂತ ರಿಪೋರ್ಟ್ ಬಂದೈತೆ, ಬಿಟ್ಟುಬಿಡಬೇಕಾ?

ಬಿಡಬ್ಯಾಡ್ರಿ. ನೀವು ಬರ್ದಿರೋದನ್ನ ಎರಡು ಸಲ ಓದಿದೆ, ಬಿಡೋವಂಥದ್ದು ಅದರಲ್ಲಿ ಏನೂ ಇಲ್ಲ, ಆದ್ರೆ ಈಗ ಯಾವುದಕ್ಕೆ ಹಠ ಹಿಡಿದು ಕೂತಿದೀರಲ್ಲ ಅದನ್ನ ಮಾತ್ರ ಬಿಡ್ಲೇಬೇಕು.

ಬೇರೆಯವರಿಗೂ ಗೊತ್ತಾಗ್ಲಿ ಅಂತ ನಿಮ್ಮ ಪ್ರಶ್ನೆ ಚಿಕ್ಕದಾಗಿ ಹೇಳ್ತೀನಿ. ಬಳ್ಳಾರಿ ಕೌಲ್ ಬಜಾರ್‌ನಲ್ಲಿ ನಿಮ್ದು ಸೋಫಾ, ಕುಷನ್ ಕೆಲಸದ ವರ್ಕ್‌ಶಾಪ್, ಕಂಪ್ರೆಸರ್ ಪೈಪ್ ಎಳ್ಕೊಂಡು ಓಡಾಡೋ ಕಾಟ ತಪ್ಲಿ ಅಂತ ಬ್ಯಾಟರಿ ಮೇಲೆ ನಡೆಯೋ ಸ್ಟೇಪ್ಲರ್ ಮಾಡಿದೀರಿ, ಅದರ ಮ್ಯಾಗಜಿನ್, ಅಂದ್ರೆ ಪಿನ್ನು ತುಂಬೋ ಡಬ್ಬಿ, ಪೂರಾ ಹೊರಗೆ ಬರ್ತೈತೆ, ಒಂದು ಖಾಲಿಯಾದ್ರೆ ತುಂಬಿಟ್ಟ ಇನ್ನೊಂದನ್ನ ಟಕ್ ಅಂತ ಹಾಕೋದು. ಪೇಟೆಂಟ್ ಆಫೀಸಿಂದ ಎಫ್‌ಇಆರ್, ಅಂದ್ರೆ ಮೊದಲ ಪರೀಕ್ಷಾ ವರದಿ ಬಂದೈತೆ. ಅದರಲ್ಲಿ ಮೂರು ಹಳೇ ದಾಖಲೆ ತೋರಿಸ್ಯಾರೆ: ಡಿ1 ಬ್ಯಾಟರಿ ಸ್ಟೇಪ್ಲರ್, ಡಿ2 ಆಪರೇಷನ್ ಥಿಯೇಟರಲ್ಲಿ ಡಾಕ್ಟರ್ ಉಪಯೋಗಿಸೋ ಸ್ಟೇಪ್ಲರ್, ಅದರ ಪಿನ್ನಿನ ಡಬ್ಬಿ ಬಿಚ್ಚಿ ತೆಗೀಬಹುದು, ಡಿ3 ಮೊಳೆ ಹೊಡೆಯೋ ಮಿಷನ್, ಮೊಳೆ ಮುಗೀತಾ ಬಂದ್ರೆ ಟ್ರಿಗ್ಗರ್ ತಾನೇ ತಡೆಹಿಡಿಯೋದು. ಇವನ್ನ ಕೂಡಿಸಿದ್ರೆ ನಿಮ್ಮದೇ ಆಗ್ತೈತೆ, ಇನ್ವೆಂಟಿವ್ ಸ್ಟೆಪ್, ಅಂದ್ರೆ ಕಸುಬು ಗೊತ್ತಿದ್ದವರಿಗೂ ಸಹಜವಾಗಿ ಹೊಳೆಯದ ಹೆಜ್ಜೆ, ಇದರಲ್ಲಿ ಇಲ್ಲ, ಮೇಲೆ ಪೇಟೆಂಟ್ ಕಾಯ್ದೆಯ ಸೆಕ್ಷನ್ 3(ಎಫ್) ತಕರಾರು ಬೇರೆ ಅಂತ ಬರ್ದಾರೆ. ಡಾಕ್ಟರ್ ಮಿಷನ್‌ಗೂ ನನ್ನ ಸೋಫಾ ಮಿಷನ್‌ಗೂ ಏನು ಸಂಬಂಧ, ಇದು ಅನ್ಯಾಯ ಅಲ್ವಾ ಅಂತ ಕೇಳಿದೀರಿ.

ನಾನೂ ಬಳ್ಳಾರಿಯವನೇ, ಮೊದಲು ಟೂಲ್ ರೂಮಲ್ಲಿ ಇದ್ದೆ, ಈಗ ಪೇಟೆಂಟ್ ಏಜೆಂಟ್, ಇಂಥ ರಿಪೋರ್ಟ್‌ಗೆ ಉತ್ತರ ಬರೆಯೋದೇ ನನ್ನ ಕೆಲಸ.

ಮೊದಲು ಒಂದು ವಿಷಯ ತಿಳ್ಕೊಳ್ರಿ, ಎಕ್ಸಾಮಿನರ್ ನಿಮ್ಮ ಮಿಷನ್ನನ್ನ ನೋಡಿಲ್ಲ, ನೋಡೋದೂ ಇಲ್ಲ. ಅವರು ನೋಡೋದು ನೀವು ಬರೆದ ಕ್ಲೇಮು, ಅಂದ್ರೆ 'ಇಷ್ಟು ನಂದು' ಅಂತ ಅರ್ಜೀಲಿ ಹಕ್ಕು ಕೇಳೋ ಸಾಲು. ನಿಮ್ಮ ಮೊದಲ ಕ್ಲೇಮಲ್ಲಿ ಏನೈತೆ? ಬ್ಯಾಟರಿ, ಮೋಟಾರು, ಪಿನ್ನು ಹೊಡೆಯೋ ಬ್ಲೇಡು, ಬಿಚ್ಚಿ ತೆಗೆಯಬಹುದಾದ ಮ್ಯಾಗಜಿನ್ ಇರುವ ಸ್ಟೇಪ್ಲಿಂಗ್ ಉಪಕರಣ, ಅಷ್ಟೇ. ಇದು ಹೆಂಗಾಯ್ತು ಅಂದ್ರೆ ಹೊಲದ ಪತ್ರದಲ್ಲಿ ಚೆಕ್ಕುಬಂದಿ ಬರೆಸುವಾಗ ಅಕ್ಕಪಕ್ಕದವರ ಹೊಲವನ್ನೂ ಒಳಗೆ ಸೇರಿಸ್ಕೊಂಡಂಗೆ, ರಿಜಿಸ್ಟರ್ ಆಗ್ಬೇಕು ಅಂದ್ರೆ ಹೆಂಗಾಗ್ತೈತೆ ಹೇಳ್ರಿ.

ಬಿಚ್ಚಿ ತೆಗೆಯೋ ಮ್ಯಾಗಜಿನ್ ಅನ್ನೋದು ನಿಜಕ್ಕೂ ಬಹಳ ಹಳೇದು. 1908ರಲ್ಲೇ ಬುಡಾಪೆಸ್ಟ್‌ನ ಹ್ಯೂಲ್ಟ್ಲ್ ಅನ್ನೋ ಸರ್ಜನ್ ಹೊಟ್ಟೆ ಆಪರೇಷನ್‌ಗೆ ಸ್ಟೇಪ್ಲರ್ ಉಪಯೋಗಿಸಿದ್ರು, ಕೆಜಿಗಟ್ಟಲೆ ಭಾರ, ಪಿನ್ನು ತುಂಬೋದೇ ಒಂದು ದೊಡ್ಡ ಕೆಲಸ ಆಗಿತ್ತು, ಆಮೇಲೆ 1934ರಲ್ಲಿ ಜರ್ಮನಿಯ ಫ್ರೀಡ್ರಿಕ್ ಮೊದಲೇ ಪಿನ್ನು ತುಂಬಿಟ್ಟ ಡಬ್ಬಿ ಬದಲಾಯಿಸೋವಂಥದ್ದು ಮಾಡಿದ್ರು. ಅಂದ್ರೆ ತೊಂಬತ್ತು ವರ್ಷದ ಹಿಂದಿನ ಮಾತು. ಹಂಗಾಗಿ ಡಿ2 ತೋರಿಸಿದ್ದು ಅನ್ಯಾಯ ಅಂತ ನಾನು ಅನ್ನಲ್ಲ. ಪೇಟೆಂಟ್ ವರ್ಗೀಕರಣದಲ್ಲಿ ಕೈಯಲ್ಲಿ ಹಿಡಿಯೋ ಮೊಳೆ, ಪಿನ್ನು ಹೊಡೆಯೋ ಸಾಮಾನಿಗೆ ಬಿ25ಸಿ ಅಂತ ಒಂದು ಖಾನೆ, ಸರ್ಜರಿ ಸ್ಟೇಪ್ಲರ್‌ಗೆ ಎ61ಬಿ ಅಂತ ಬೇರೆ ಖಾನೆ, ನಿಜ. ಆದ್ರೆ ನಿಮ್ಮ ಕ್ಲೇಮಲ್ಲಿ ಸೋಫಾ ಅನ್ನೋ ಮಾತೇ ಇಲ್ವಲ್ಲ, ಮರ ಅನ್ನೋದೂ ಇಲ್ಲ, ಪಿನ್ನು ಹೊಡೆಯೋದು ಅಂತ ಮಾತ್ರ ಐತೆ, ಎಕ್ಸಾಮಿನರ್ ಎರಡೂ ಖಾನೆ ಹುಡುಕ್ತಾರೆ, ಹುಡುಕ್ಲೇಬೇಕು. 'ಬೇರೆ ಕ್ಷೇತ್ರ' ಅನ್ನೋ ವಾದ ಉತ್ತರದಲ್ಲಿ ಒಂದು ಸಾಲು ಹಾಕ್ರಿ, ಅದರ ಮೇಲೇ ಕೇಸ್ ನಿಲ್ಲಿಸಬ್ಯಾಡ್ರಿ.

ಈಗ ನಿಮ್ಮ ಅಸಲಿ ವಿಷಯಕ್ಕೆ ಬರ್ತೀನಿ. ಪ್ರಶ್ನೆಯ ಕೊನೇಲಿ ಹಂಗೇ ಸುಮ್ನೆ ಒಂದು ಸಾಲು ಬರ್ದಿದೀರಿ, 'ಮ್ಯಾಗಜಿನ್ ತೆಗೆದ ತಕ್ಷಣ ಒಳಗಿನ ಲಿವರ್ ಕೆಳಗಿಳಿದು ಸ್ಪ್ರಿಂಗಿನ ಬಿಗಿ ಇಳಿದು ಹೋಗ್ತೈತೆ, ಮಿಷನ್ ಹೊಡೆಯಲ್ಲ' ಅಂತ. ಅಣ್ಣಾ, ಇದೇ ನಿಮ್ಮ ಇನ್ವೆನ್ಷನ್ನು! ಇದನ್ನ ಕೊನೇ ಸಾಲಿಗೆ ಇಟ್ಟು ಮ್ಯಾಗಜಿನ್ ಮ್ಯಾಗಜಿನ್ ಅಂತ ಕೂತಿದೀರಲ್ಲ.

ಯಾಕೆ ಇಷ್ಟು ಖಾತ್ರಿಯಾಗಿ ಹೇಳ್ತೀನಿ ಅಂದ್ರೆ ಈ ಮಿಷನ್‌ಗಳ ಹೊಟ್ಟೆ ಒಳಗೆ ಏನು ನಡೀತೈತೆ ನೋಡ್ರಿ. ಮೋಟಾರು ಗೇರ್ ತಿರುಗಿಸ್ತೈತೆ, ಕ್ಯಾಮ್, ಅಂದ್ರೆ ಒಂದು ಕಡೆ ಉಬ್ಬಿರೋ ಚಕ್ರ, ಬಂದು ಸ್ಪ್ರಿಂಗನ್ನ ಒತ್ತಿ ಹಿಡೀತೈತೆ, ಕ್ಯಾಮ್ ದಾಟಿದ ಕ್ಷಣ ಸ್ಪ್ರಿಂಗ್ ಬಿಚ್ಕೊಂಡು ಬ್ಲೇಡನ್ನ ಕೆಳಗೆ ಹೊಡೀತೈತೆ, ಬ್ಲೇಡು ಅಂಟಿಸಿಟ್ಟ ಪಿನ್ನಿನ ಸಾಲಿನಲ್ಲಿ ಮುಂದಿನದೊಂದನ್ನ ಕತ್ತರಿಸಿ ಮೂತಿಯಿಂದ ಮರಕ್ಕೆ ಇಳಿಸ್ತೈತೆ, ಹಿಂದಿನಿಂದ ಪುಷರ್ ಮುಂದಿನ ಪಿನ್ನು ತಳ್ತೈತೆ. ಟ್ರಿಗ್ಗರ್ ಒತ್ತಿದ ಮೇಲೆ ಸ್ಪ್ರಿಂಗ್ ಬಿಗಿ ಮಾಡ್ತಾ ಕೂತ್ರೆ ಹೊಡೆತ ತಡ ಆಗ್ತೈತೆ, ಅದಕ್ಕೇ ಕೆಲವು ಮಿಷನ್‌ಗಳಲ್ಲಿ ಒಂದು ಹೊಡೆತ ಆದಕೂಡಲೇ ಮುಂದಿನದಕ್ಕೆ ಸ್ಪ್ರಿಂಗನ್ನ ಅರ್ಧ ಬಿಗಿ ಮಾಡಿ ಇಟ್ಕೊಂಡಿರ್ತಾರೆ. ಕೆಲಸ ಜೋರಾಗ್ತೈತೆ, ಆದ್ರೆ ಮಿಷನ್ ಸುಮ್ನೆ ಟೇಬಲ್ ಮೇಲೆ ಬಿದ್ದಿದ್ರೂ ಅದರೊಳಗೆ ಒಂದು ಹೊಡೆತ ಕೂತಿರ್ತೈತೆ.

ಈಗ ಪಿನ್ನು ಸಿಕ್ಕಾಕ್ಕೊಳ್ತು ಅನ್ಕೊಳ್ರಿ. ನಮ್ಮ ಹುಡುಗ್ರು ಏನು ಮಾಡ್ತಾರೆ ನಿಮಗೇ ಗೊತ್ತು. ನಾನು ಒಂದು ಕುಷನ್ ಅಂಗಡೀಲಿ ಕಣ್ಣಾರೆ ನೋಡೀನಿ, ಮ್ಯಾಗಜಿನ್ ಹಿಂದಕ್ಕೆ ಎಳೆದು ಮಿಷನ್ನನ್ನ ತಲೆಕೆಳಗೆ ಮಾಡಿ ತೊಡೆ ಮೇಲೆ ಇಟ್ಕೊಂಡು, ಬ್ಯಾಟರಿ ತೆಗೀದೇನೇ, ಸಣ್ಣ ಸ್ಕ್ರೂ ಡ್ರೈವರ್ ತುದಿಯಿಂದ ಬಾಗಿದ ಪಿನ್ನನ್ನ ಕೀಳ್ತಾ ಇದ್ದ, ಹೆಬ್ಬೆರಳು ಸರಿಯಾಗಿ ಮೂತಿ ಮುಂದೆ. ಆ ಪಿನ್ನು ಒಂದೇ ಬ್ಲೇಡನ್ನ ತಡೆದು ಹಿಡಿದಿರೋದು, ಅದನ್ನ ಕಿತ್ತ ಕ್ಷಣ ಸ್ಪ್ರಿಂಗ್ ಬಿಡ್ತೈತೆ. ನಿಮ್ಮ ಮಿಷನ್ನಲ್ಲಿ ಮ್ಯಾಗಜಿನ್ ತೆಗೆದಾಗ್ಲೇ ಬಿಗಿ ಇಳಿದಿರ್ತೈತೆ. ಆ ಹುಡುಗನ ಬೆರಳು ಉಳೀತೈತೆ. ಇದಕ್ಕೆ ಪೇಟೆಂಟ್ ಕೊಡದೆ ಮತ್ತೆ ಯಾವುದಕ್ಕೆ ಕೊಡ್ತಾರೆ?

ಡಿ3ಗೂ ಇದಕ್ಕೂ ಇರೋ ವ್ಯತ್ಯಾಸ ಇಲ್ಲೇ ಐತೆ. ನೀವು ಬರೆದ ಪ್ರಕಾರ ಡಿ3ರಲ್ಲಿ ಮೊಳೆ ಕಮ್ಮಿ ಆದಾಗ ಪುಷರ್ ಮುಂದೆ ಬಂದು ಟ್ರಿಗ್ಗರನ್ನ ತಡೀತೈತೆ, ಖಾಲಿ ಹೊಡೆತದಿಂದ ಮಿಷನ್ ಹಾಳಾಗಬಾರ್ದು ಅಂತ ಮಾಡಿದ್ದು ಅದು. ತಡೆಯೋದು ಬೇರೆ, ಒಳಗಿನ ಶಕ್ತಿಯನ್ನ ಇಳಿಸೋದು ಬೇರೆ. ಡಿ3ರಲ್ಲಿ ಟ್ರಿಗ್ಗರ್ ತಡೆದ್ರೂ ಬ್ಲೇಡಿನ ಹಿಂದೆ ಬಲ ಹಂಗೇ ಕೂತಿರ್ತೈತೆ. ಆದ್ರೆ ಒಂದು ಮಾತು, ಡಿ3ನ ಪೂರ್ತಿ ಓದ್ರಿ, ಕ್ಲೇಮು, ಸಾರಾಂಶ ಅಷ್ಟೇ ಅಲ್ಲ, ಚಿತ್ರ ಇಟ್ಕೊಂಡು ಪ್ರತಿ ಪ್ಯಾರಾ. ಎಲ್ಲೋ ಒಂದು ಮೂಲೇಲಿ 'ಮ್ಯಾಗಜಿನ್ ತೆಗೆದಾಗ ಸ್ಪ್ರಿಂಗ್ ಸಡಿಲ ಆಗುತ್ತದೆ' ಅಂತ ಒಂದು ಸಾಲು ಇದ್ರೆ ಹಿಯರಿಂಗಲ್ಲಿ ಕಂಟ್ರೋಲರ್, ಅಂದ್ರೆ ಅರ್ಜಿ ತೀರ್ಮಾನ ಮಾಡೋ ಅಧಿಕಾರಿ, ಅದನ್ನೇ ಓದಿ ಹೇಳ್ತಾರೆ, ಆವಾಗ ನೀವು ಲಿವರ್ ಯಾವ ತರ ಇಳಿಸ್ತೈತೆ, ಒಮ್ಮೆಲೇ ಬಿಡ್ತೈತಾ ಗೇರ್ ಮೂಲಕ ನಿಧಾನ ಬಿಡ್ತೈತಾ ಅನ್ನೋ ಮಟ್ಟಕ್ಕೆ ಇಳಿದು ವಾದ ಮಾಡ್ಬೇಕಾಗ್ತೈತೆ.

ಕ್ಲೇಮ್ ತಿದ್ದೋಕೆ ಬರ್ತೈತಾ ಅಂತ ನಿಮಗೆ ಡೌಟ್ ಇರಬಹುದು. ಬರ್ತೈತೆ, ಸೆಕ್ಷನ್ 59 ಅದಕ್ಕೇ ಇರೋದು, ಆದ್ರೆ ಎರಡು ಕಟ್ಟು ಐತೆ. ಹೊಸದಾಗಿ ಸೇರಿಸೋ ಅಂಶ ನೀವು ಮೊದಲು ಫೈಲ್ ಮಾಡಿದ ಸ್ಪೆಸಿಫಿಕೇಷನ್ನಲ್ಲಿ, ಅಂದ್ರೆ ಮಿಷನ್ನಿನ ಪೂರ್ತಿ ವಿವರ ಬರೆದ ದಾಖಲೇಲಿ, ಇದ್ದಿರಬೇಕು, ಮತ್ತೆ ತಿದ್ದಿದ ಕ್ಲೇಮು ಮೊದಲಿನ ಕ್ಲೇಮಿನ ವ್ಯಾಪ್ತಿ ಒಳಗೇ ಬೀಳಬೇಕು. ಲಿವರ್ ಸೇರಿಸಿದ್ರೆ ಕ್ಲೇಮು ಕಿರಿದಾಗ್ತೈತೆ, ಹಂಗಾಗಿ ಎರಡನೇದು ತಾಪತ್ರಯ ಇಲ್ಲ. ಮೊದಲನೇದು ಮಾತ್ರ ನೋಡ್ಬೇಕು, ಲಿವರ್ ಬಗ್ಗೆ ಡಿಸ್ಕ್ರಿಪ್ಷನ್ನಲ್ಲಿ ಬರ್ದೀರಾ, ಡ್ರಾಯಿಂಗಲ್ಲಿ ನಂಬರ್ ಹಾಕಿ ತೋರಿಸೀರಾ? ಫೈಲ್ ಮಾಡಿದ ಮೇಲೆ ಹೊಳೆದಿದ್ದು ಆದ್ರೆ ಇದರಲ್ಲಿ ತುರುಕೋಕೆ ಆಗಲ್ಲ, ಪೇಟೆಂಟ್ ಆಫ್ ಅಡಿಷನ್, ಅಂದ್ರೆ ಮೂಲ ಇನ್ವೆನ್ಷನ್ನಿನ ಸುಧಾರಣೆಗೆ ಸಿಗೋ ಪೇಟೆಂಟ್, ಅಂತ ಸೆಕ್ಷನ್ 54ರಲ್ಲಿ ಬೇರೆ ಅರ್ಜಿ ಹಾಕ್ಬೇಕು, ಮೂಲ ಪೇಟೆಂಟ್ ಸಿಕ್ಕ ಮೇಲೇ ಅದು ಸಿಗೋದು.

ಇರ್ತೈತೆ ಅನ್ಕೊಂಡು ಹೇಳ್ತೀನಿ, ಕ್ಲೇಮು ಹಿಂಗೆ ಬರೀರಿ. ಗೊತ್ತಿರೋದನ್ನೆಲ್ಲ, ಬ್ಯಾಟರಿ, ಮೋಟಾರು, ಸ್ಪ್ರಿಂಗು, ಬ್ಲೇಡು, ಬಿಚ್ಚೋ ಮ್ಯಾಗಜಿನ್, ಮೊದಲ ಭಾಗದಲ್ಲಿ ಹಾಕಿ, ಆಮೇಲೆ 'ಇದರ ವೈಶಿಷ್ಟ್ಯವೆಂದರೆ' ಅಂತ ಶುರು ಮಾಡಿ ಮ್ಯಾಗಜಿನ್ ಕೂರೋ ಜಾಗದಲ್ಲಿ ಲಿವರ್, ಮ್ಯಾಗಜಿನ್ ಕೂತಾಗ ಅದು ಮೇಲೆ ಒತ್ತಲ್ಪಟ್ಟಿರುತ್ತೆ, ತೆಗೆದಾಗ ಇಳಿದು ಸ್ಪ್ರಿಂಗಿನ ಬಿಗಿ ಬಿಡುತ್ತೆ, ಮತ್ತೆ ಮ್ಯಾಗಜಿನ್ ಪೂರ್ತಿ ಕೂರೋ ತನಕ ಮೋಟಾರು ಬಿಗಿ ಮಾಡಲ್ಲ ಅಂತ. ಕೊನೇದು ನಿಮ್ಮ ಮಿಷನ್ನಲ್ಲಿ ನಿಜವಾಗ್ಲೂ ಇದ್ರೆ, ಸ್ಪೆಸಿಫಿಕೇಷನ್ನಲ್ಲೂ ಇದ್ರೆ ಮಾತ್ರ. ಒಂದೊಂದು ಭಾಗದ ಮುಂದೆ ಡ್ರಾಯಿಂಗಿನ ನಂಬರ್ ಬ್ರಾಕೆಟ್ಟಲ್ಲಿ ಹಾಕ್ರಿ, ಇಲ್ಲಾಂದ್ರೆ ಅದಕ್ಕೊಂದು ತಕರಾರು.

ಹಿಂಗೆ ಬರೆದ್ರೆ 3(ಎಫ್) ತಕರಾರಿಗೂ ಉತ್ತರ ಸಿಗ್ತೈತೆ. ಆ ಸೆಕ್ಷನ್ ಹೇಳೋದು ಗೊತ್ತಿರೋ ಸಾಧನಗಳನ್ನ ಸುಮ್ನೆ ಪಕ್ಕಪಕ್ಕ ಜೋಡಿಸಿ, ಒಂದೊಂದೂ ತನ್ನಪಾಡಿಗೆ ಹಳೇ ಕೆಲಸವನ್ನೇ ಮಾಡ್ತಿದ್ರೆ ಅದು ಇನ್ವೆನ್ಷನ್ ಅಲ್ಲ ಅಂತ. ನಿಮ್ಮ ಮ್ಯಾಗಜಿನ್ ಬರೀ ಪಿನ್ನು ಇಡೋ ಡಬ್ಬಿ ಅಲ್ಲ, ಸ್ಪ್ರಿಂಗಿನ ಸ್ಥಿತಿಯನ್ನ ಅದು ಆಳ್ತೈತೆ, ಒಂದರ ಕೆಲಸ ಇನ್ನೊಂದನ್ನ ಹಿಡ್ಕೊಂಡೈತೆ. ಸುಪ್ರೀಂ ಕೋರ್ಟ್ 1978ರಲ್ಲಿ ಬಿಶ್ವನಾಥ್ ಪ್ರಸಾದ್ ರಾಧೇಶ್ಯಾಮ್ ವಿರುದ್ಧ ಹಿಂದೂಸ್ತಾನ್ ಮೆಟಲ್ ಇಂಡಸ್ಟ್ರೀಸ್ ಕೇಸಲ್ಲಿ ಇದನ್ನೇ ನೋಡಿತ್ತು, ಪಾತ್ರೆ ಪಾಲಿಶ್ ಮಾಡೋಕೆ ಮುಂಚೆ ಲೇಥಲ್ಲಿ ಹಿಡಿಯೋ ಒಂದು ವ್ಯವಸ್ಥೆಗೆ ಪೇಟೆಂಟ್ ತಗೊಂಡಿದ್ರು, ವರ್ಕ್‌ಶಾಪಲ್ಲಿ ಯಾರು ಬೇಕಾದ್ರೂ ಮಾಡ್ಕೊಳ್ಳೋ ಸಣ್ಣ ಸುಧಾರಣೆ ಸಾಲದು, ಹಳೇ ಭಾಗಗಳನ್ನ ಕೂಡಿಸಿದ್ರೆ ಹೊಸ ಫಲ ಬರಬೇಕು ಅಂತ ಹೇಳಿ ಆ ಪೇಟೆಂಟ್ ನಿಲ್ಲಲಿಲ್ಲ. ನಮ್ಮಂಥ ವರ್ಕ್‌ಶಾಪಿನವರಿಗೆ ಈ ತೀರ್ಪು ಬಹಳ ಮುಖ್ಯ. ನಿಮ್ಮ ಉತ್ತರದಲ್ಲಿ ಹೊಸ ಫಲ ಯಾವುದು ಅನ್ನೋದು ಕೈಯಿಟ್ಟು ತೋರಿಸೋ ಹಂಗಿರಬೇಕು, 'ಕೆಲಸ ಬೇಗ ಆಗುತ್ತದೆ, ರೇಟು ಕಮ್ಮಿ' ಅಂತ ಬರೆದ್ರೆ ಅದು ಅಂಗಡಿ ಬೋರ್ಡಾಗ್ತೈತೆ ಅಷ್ಟೇ. ಕಾನೂನಲ್ಲಿ ಆರ್ಥಿಕ ಮಹತ್ವ ಅನ್ನೋ ಮಾತು ಐತೆ, ಆದ್ರೆ ಅದರ ಜೊತೆಗೆ ಆ ಕಸುಬಿನಲ್ಲಿ ನುರಿತವರಿಗೆ ಸಹಜವಾಗಿ ಹೊಳೆಯೋವಂಥದ್ದು ಅಲ್ಲ ಅನ್ನೋದೂ ಬೇಕೇ ಬೇಕು.

ಟೈಮಿನ ವಿಷಯ ಹುಷಾರ್. ಎಫ್‌ಇಆರ್ ತಾರೀಖಿನಿಂದ 6 ತಿಂಗಳೊಳಗೆ ಉತ್ತರ ಹೋಗ್ಬೇಕು, ಆಗಲ್ಲ ಅಂದ್ರೆ ಆ 6 ತಿಂಗಳು ಮುಗಿಯೋಕೆ ಮುಂಚೆನೇ ಫಾರ್ಮ್ 4 ಹಾಕಿ ಫೀ ಕಟ್ಟಿ ಟೈಮ್ ತಗೋಬೇಕು. ಸುಮ್ನೆ ಬಿಟ್ರೆ ಅರ್ಜಿ ಕೈಬಿಟ್ಟಂಗೆ ಅಂತ ಸೆಕ್ಷನ್ 21ರಲ್ಲಿ ಲೆಕ್ಕ ಹಾಕ್ತಾರೆ, ತಿರಸ್ಕಾರ ಕೂಡ ಅಲ್ಲ, ಅಪೀಲಿಗೂ ಜಾಗ ಇರಲ್ಲ, ಎಷ್ಟೋ ಒಳ್ಳೇ ಮಿಷನ್‌ಗಳು ಹಿಂಗೇ ಹೋಗ್ತಾವೆ, ನನಗೆ ಹೊಟ್ಟೆ ಉರಿಯೋದೇ ಇದಕ್ಕೆ. ಉತ್ತರದ ಕೊನೇಲಿ ಹಿಯರಿಂಗ್ ಕೊಡಿ ಅಂತ ಕೇಳೋದು ಮರೀಬ್ಯಾಡ್ರಿ. ನಮ್ಮ ಅರ್ಜಿ ಚೆನ್ನೈ ಆಫೀಸಿಗೆ ಸೇರಿದ್ರೂ ಅಲ್ಲಿ ತನಕ ಟ್ರೈನ್ ಹತ್ತೋದು ಬೇಡ, ಹಿಯರಿಂಗ್ ವಿಡಿಯೋ ಕಾಲಲ್ಲೇ ಆಗ್ತೈತೆ. ಮಿಷನ್ ಬಿಚ್ಚಿ ಲಿವರ್ ಕಾಣೋ ಹಂಗೆ ಇಟ್ಕೊಂಡು ಕೂತ್ಕೊಳ್ರಿ, ಮಾತಿನಲ್ಲಿ ಅರ್ಧ ಗಂಟೆ ಹೇಳೋದು ಕಂಟ್ರೋಲರ್‌ಗೆ ಡ್ರಾಯಿಂಗ್ ಜೊತೆ ಬೇಗ ಅರ್ಥ ಆಗ್ತೈತೆ. ಹಿಯರಿಂಗ್ ಆದ 15 ದಿನದೊಳಗೆ ಲಿಖಿತ ವಾದ ಹಾಕ್ಬೇಕು. ಅಷ್ಟಾದ ಮೇಲೂ ಬೇಡ ಅಂದ್ರೆ 3 ತಿಂಗಳೊಳಗೆ ಮದ್ರಾಸ್ ಹೈಕೋರ್ಟಿಗೆ ಅಪೀಲು ಐತೆ.

ಇನ್ನೊಂದು, ಅರ್ಜಿ ಹಾಕೋಕೆ ಮುಂಚೆ ಈ ಮಿಷನ್ ವಿಡಿಯೋನ ಯೂಟ್ಯೂಬಿಗೋ ವಾಟ್ಸಾಪ್ ಗ್ರೂಪಿಗೋ ಹಾಕಿದ್ರಾ, ಯಾರಿಗಾದ್ರೂ ಮಾರಿದ್ರಾ? ರಿಪೋರ್ಟಲ್ಲಿ ಅದು ಬಂದಿಲ್ಲ ಅಂತ ಬಚಾವಾದ್ವಿ ಅನ್ಕೋಬ್ಯಾಡ್ರಿ, ಪೇಟೆಂಟ್ ಸಿಕ್ಕ ಮೇಲೂ ಒಂದು ವರ್ಷ ಯಾರಾದ್ರೂ ವಿರೋಧ ಹಾಕಬಹುದು, ಹಂಗಿದ್ರೆ ನಿಮ್ಮ ಏಜೆಂಟಿಗೆ ಈಗ್ಲೇ ಹೇಳಿಬಿಡ್ರಿ.

ಪರೀಕ್ಷೆಗೆ ಬಂದೈತೆ ಅಂದ್ರೆ ನಿಮ್ಮ ಸ್ಪೆಸಿಫಿಕೇಷನ್ ಆಗ್ಲೇ ಪ್ರಕಟ ಆಗಿರ್ತೈತೆ, ಮುಚ್ಚಿಡೋದು ಏನಿಲ್ಲ. ಲಿವರ್ ಬಗ್ಗೆ ಬರೆದ ಪ್ಯಾರಾ, ಆ ಡ್ರಾಯಿಂಗು, ಮತ್ತೆ ಡಿ3ರಲ್ಲಿ ಟ್ರಿಗ್ಗರ್ ತಡೆಯೋ ಭಾಗ ಇಷ್ಟನ್ನ ಇಲ್ಲಿ ಹಾಕ್ರಿ, ಎಫ್‌ಇಆರ್ ತಾರೀಖೂ ಹೇಳ್ರಿ, ನೋಡಿ ಮೊದಲ ಕ್ಲೇಮಿನ ಮಾತು ಹೆಂಗಿರಬೇಕು ಅಂತ ಇಲ್ಲೇ ಬರೀತೀನಿ.