ಕಕುಮಾದ ಹುಡುಗರು ಕ್ಲಾಸಿಗೆ ಯಾಕೆ ಬರ್ತಿಲ್ಲ?

ಪ್ರಶ್ನೆ: ಮೇಡಂ, ನಾನು ರಿಟೈರ್ಡ್ ಇಂಗ್ಲಿಷ್ ಮೇಷ್ಟ್ರು. ಕೀನ್ಯಾದ ಕಕುಮಾ ನಿರಾಶ್ರಿತರ ಕ್ಯಾಂಪಿನ ಹುಡುಗ ಹುಡುಗೀರಿಗೆ ವಾರಕ್ಕೆ 2 ದಿನ ಜೂಮಲ್ಲಿ ಪಾಠ ಮಾಡ್ತೀನಿ, ಮಿಕ್ಕಿದ್ದು ಅವರೇ ಫೋನಲ್ಲಿ ಓದ್ಕೋಬೇಕು. ಶುರುವಲ್ಲಿ 22 ಜನ ಇದ್ರು, ಈಗ ಬರೋದು 5 ಜನ. ಆಸಕ್ತಿನೇ ಹೋಯ್ತಾ ಅಂತ ಬೇಜಾರಾಗಿದೆ. ಏನ್ ಮಾಡ್ಲಿ?
- ಓದುಗರೊಬ್ಬರು, ಮೈಸೂರು

ಉತ್ತರ: ಬೇಜಾರಾಗೋದು ಸಹಜ ಮೇಷ್ಟ್ರೇ, ಆದ್ರೆ ಆಸಕ್ತಿ ಇಲ್ಲ ಅಂತ ಮಾತ್ರ ತೀರ್ಮಾನ ಮಾಡ್ಬೇಡಿ. ಕಕುಮಾ ಶುರುವಾಗಿದ್ದೇ 1992ರಲ್ಲಿ, ಸುಡಾನಿನ ಯುದ್ಧ ತಪ್ಪಿಸ್ಕೊಂಡು ನಡ್ಕೊಂಡು ಬಂದ ಸಾವಿರಾರು ಹುಡುಗರಿಂದ, ಈಗ ಅಲ್ಲೇ ಹುಟ್ಟಿ ಅಲ್ಲೇ ಬೆಳೆದೋರೂ ಇದ್ದಾರೆ. ಅಲ್ಲಿ ಡೇಟಾ ಹಾಕ್ಸೋ ದುಡ್ಡು ಊಟದ ದುಡ್ಡಿಂದಲೇ ಉಳಿಸ್ಬೇಕು, ಮನೇಲಿ ಇರೋ ಒಂದ್ ಫೋನ್ ಅಣ್ಣನ ಕೈಲಿರತ್ತೆ, ನೀವು ಕ್ಯಾಮೆರಾ ಆನ್ ಮಾಡಿ ಅಂದ ಹೊತ್ತಿಗೆ ಹುಡುಗಿ ಜೆರ್ರಿಕ್ಯಾನ್ ಇಟ್ಕೊಂಡು ನೀರಿನ ಕ್ಯೂನಲ್ಲಿ ನಿಂತಿರ್ತಾಳೆ. ರೇಷನ್ ಕೊಡೋ ದಿನ ಕ್ಲಾಸಿಟ್ರಂತೂ ಮುಗೀತು.

ಅದಕ್ಕೇ ವಿಡಿಯೋ ಕಡಿಮೆ ಮಾಡಿ. 3 ನಿಮಿಷದ ವಾಯ್ಸ್ ಮೆಸೇಜ್ ವಾಟ್ಸಾಪಲ್ಲಿ ಹಾಕಿ, ಡೇಟಾ ಸಿಕ್ಕಾಗ ಕೇಳ್ಕೊಂಡು ಅವರೂ ಇಂಗ್ಲಿಷಲ್ಲೇ ಮಾತಾಡಿ ವಾಪಸ್ ಕಳಿಸ್ಲಿ. ಇಂಟರ್ನೆಟ್ ಇಲ್ದೇನೂ ನಡಿಯೋ ಕೊಲಿಬ್ರಿ ಅಂತ ಒಂದು ಸಾಫ್ಟ್‌ವೇರ್ ಇದೆ, ಫ್ರೀ, ಕ್ಯಾಂಪಲ್ಲಿ ಎಲ್ಲಾರೂ ಸೇರೋ ಒಂದು ಜಾಗ ಇದ್ರೆ, ಅಲ್ಲಿನ ಒಂದು ಕಂಪ್ಯೂಟರಲ್ಲಿ ಪಾಠ ತುಂಬಿಟ್ರೆ ಸುತ್ತಲಿನ ಟ್ಯಾಬ್‌ಗಳಲ್ಲೆಲ್ಲಾ ತೆಗೀಬಹುದು.

ಆದ್ರೆ ಟ್ಯಾಬ್ ಒಂದೇ ಸಾಲಲ್ಲ. ಒಂದ್ ಟ್ಯಾಬಿಗೆ 5 ಜನ ಕೂತ್ರೆ ಚುರುಕಿರೋ ಒಬ್ಬನ ಬೆರಳೇ ಸ್ಕ್ರೀನ್ ಮೇಲೆ ಓಡ್ತಿರತ್ತೆ, ಮಿಕ್ಕೋರು ನೋಡ್ತಾ ಕೂರ್ತಾರೆ, ನಿಧಾನಕ್ಕೆ ಬರೋದೇ ಬಿಡ್ತಾರೆ. ಪಕ್ಕದಲ್ಲಿ ಒಬ್ಬರು ಇರ್ಲೇಬೇಕು. 2013ರಲ್ಲಿ ವೊಡಾಫೋನ್ ಫೌಂಡೇಶನ್ ಮತ್ತೆ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಯುಎನ್‌ಎಚ್‌ಸಿಆರ್ ಸೇರಿ ಕೀನ್ಯಾದ್ದೇ ಇನ್ನೊಂದು ನಿರಾಶ್ರಿತರ ಕ್ಯಾಂಪ್ ದಾದಾಬಲ್ಲಿ ಟ್ಯಾಬ್ ಇಟ್ಕೊಂಡು ಕಲಿಸೋ ಶಾಲೆ ಶುರು ಮಾಡಿದ್ರು, ಅಲ್ಲೂ ಶಾಲೆಗೊಬ್ಬ ಕೋಚ್ ಇರ್ತಾರೆ. ನಿಮ್ಮ ಹಳೇ ಸ್ಟೂಡೆಂಟ್ ಒಬ್ಬರನ್ನೇ ಈ ಕೆಲಸಕ್ಕೆ ತಯಾರು ಮಾಡಿ, ಕೈಖರ್ಚಿಗೂ ಏನಾದ್ರೂ ಕೊಡಿ.

ಇನ್ನೊಂದು ಮಾತು, ಪಾಠ ಮುಗಿದ್ಮೇಲೆ ನೀವು ಕೊಡೋ ಸರ್ಟಿಫಿಕೇಟ್. ಇದನ್ನ ತಗೊಂಡು ಎಲ್ಲಿಗೆ ಹೋಗ್ಲಿ ಅಂತ ಅವರು ಕೇಳೋದು ತಪ್ಪಲ್ಲ. 2023ರ ಲೆಕ್ಕದಲ್ಲಿ ಪ್ರಪಂಚದ ನಿರಾಶ್ರಿತ ಯುವಕರಲ್ಲಿ ಕಾಲೇಜು ಮೆಟ್ಟಿಲು ಹತ್ತಿದ್ದು ನೂರಕ್ಕೆ ಸುಮಾರು 7 ಜನ. ನಿಮ್ಮ ಸರ್ಟಿಫಿಕೇಟಿಗೆ ಎಲ್ಲಿ ಬೆಲೆ ಇದೆ, ಎಲ್ಲಿಲ್ಲ ಅಂತ ಮೊದಲ ದಿನವೇ ಹೇಳ್ಬಿಡಿ, ಕೀನ್ಯಾದ ಹೈಸ್ಕೂಲ್ ಪರೀಕ್ಷೆ ಬರಿಯೋರಿಗೆ ಅದರ ಪ್ರಶ್ನೆಗಳನ್ನೇ ಹೇಳ್ಕೊಡಿ.

ಈ ವಾರ ಮಾತ್ರ ಪಾಠ ಬದಿಗಿಡಿ. ಬಿಟ್ಟ 17 ಜನಕ್ಕೂ ಹೆಸರು ಹಿಡಿದು ಒಂದೊಂದು ಮೆಸೇಜ್ ಹಾಕಿ, ಯಾಕ್ ಬರ್ಲಿಲ್ಲ ಅಂತ ಬೇಡ, ಯಾವ ದಿನ ಯಾವ ಹೊತ್ತಾದ್ರೆ ನಿಮಗಾಗತ್ತೆ ಅಂತ ಕೇಳಿ.